‘ಮನೆ’ಯನ್ನು ‘ಮನಿ’ ಎಂದು ಓದಿದರೆ ತಪ್ಪೇ? ಮಕ್ಕಳ ಓದು–ಬರಹ ಅಳೆಯುವ ಬಗೆ

ನೋಟ್‌ಬುಕ್ಕಿನಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಅದೇ ಮಗುವಿನ ಕೈಗೆ ಹೊಸದೊಂದು ಹಾಳೆ ಕೊಟ್ಟು ಎರಡು ಸಾಲು ಓದು ಎಂದರೆ ಬಾಯಿ ಕಟ್ಟುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಸಾಲಿಗಳಲ್ಲಿ (ಶಾಲೆಗಳಲ್ಲಿ) ಗುರುಗಳಿಗೂ ಅಕ್ಕೋರಿಗೂ ಇದು ಹೊಸದಲ್ಲ. ಹಲಗೆ ನೋಡಿ ಇಳಿಸಿದ್ದು ಬರಹವಲ್ಲ, ಬಾಯಿಪಾಠ ಒಪ್ಪಿಸಿದ್ದು ಓದಲ್ಲ. ಹಾಗಾದರೆ ಓದು ಬಂದಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಮೊದಲು ಹಾಳೆ ಸಿದ್ಧ ಮಾಡಿಕೊಳ್ಳಿ. ಒಂದು ಮಗ್ಗುಲಲ್ಲಿ ಹತ್ತು ಅಕ್ಷರ, ಹತ್ತು ಪದ, ನಾಲ್ಕು ಸಾಲಿನ ಪರಿಚ್ಛೇದ. ಇನ್ನೊಂದು ಮಗ್ಗುಲಲ್ಲಿ ಸುಮಾರು 60 ಪದಗಳ ಕಥೆ. ಯಾವುದೂ ಪಠ್ಯಪುಸ್ತಕದ್ದಾಗಿರಬಾರದು. ಪರಿಚ್ಛೇದ ಹೀಗಿರಲಿ:

‘ಬಸಪ್ಪನ ಮನೆಯ ಮುಂದೆ ಬೇವಿನ ಮರ ಇದೆ. ಮರದ ಕೆಳಗೆ ಎರಡು ಎತ್ತು ಕಟ್ಟಿದ್ದಾರೆ. ಬಿಸಿಲು ಏರಿದಾಗ ನೆರಳು ಸರಿಯಿತು. ಬಸಪ್ಪ ಎತ್ತುಗಳನ್ನು ಬಿಚ್ಚಿ ಆ ಕಡೆ ಕಟ್ಟಿದ.’

ಮಗುವನ್ನು ಒಬ್ಬೊಬ್ಬರಾಗಿ ಕರೆಯಿರಿ. ಉಳಿದವರು ಕೇಳಿಸಿಕೊಂಡರೆ ಮುಂದಿನವರು ಕಣ್ಣಿನಿಂದಲ್ಲ, ಕಿವಿಯಿಂದ ಓದುತ್ತಾರೆ. ಪರಿಚ್ಛೇದದಿಂದಲೇ ಶುರು ಮಾಡಿ. ಸರಾಗವಾಗಿ ಓದಿದರೆ ಕಥೆಗೆ ಹೋಗಿ, ತಡವರಿಸಿದರೆ ಪದಕ್ಕೆ ಇಳಿಯಿರಿ, ಅಲ್ಲೂ ಆಗದಿದ್ದರೆ ಅಕ್ಷರಕ್ಕೆ. ಹಳ್ಳಿಯ ಮಕ್ಕಳ ಓದು, ಲೆಕ್ಕ ಅಳೆಯಲು 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯದೂ ಇದೇ ಕ್ರಮ. ಅಕ್ಷರದಿಂದ ಶುರು ಮಾಡಿದರೆ ಓದು ಬರುವ ಮಗುವಿಗೆ ಬೇಸರ, ನಿಮಗೆ ಹೊತ್ತು ದಂಡ.

ಕಥೆ ಓದುವಾಗ ಒಂದು ನಿಮಿಷ ಗಡಿಯಾರ ನೋಡಿ. ನಿಮ್ಮ ಪ್ರತಿಯಲ್ಲಿ ತಪ್ಪಿದ ಪದಕ್ಕೆ ಅಡ್ಡಗೆರೆ ಎಳೆಯಿರಿ, ತಾನೇ ತಿದ್ದಿಕೊಂಡದ್ದಕ್ಕೆ ಸುತ್ತು ಹಾಕಿ, ಅದು ತಪ್ಪಲ್ಲ. ಒಂದು ಪದದ ಮುಂದೆ ಮೂರು ಸೆಕೆಂಡ್ ನಿಂತರೆ ನೀವೇ ಹೇಳಿಕೊಟ್ಟು ತಪ್ಪೆಂದು ಬರೆದುಕೊಳ್ಳಿ. 46 ಪದ ಓದಿ 5 ತಪ್ಪಿದರೆ ಸರಿಯಾದವು 41, ಅಂದರೆ ನೂರಕ್ಕೆ 89. ನೂರಕ್ಕೆ 95 ದಾಟಿದರೆ ಆ ಮಟ್ಟದ ಪುಸ್ತಕವನ್ನು ಮಗು ತಾನೇ ಓದಬಲ್ಲದು. 90ರಿಂದ 94 ಇದ್ದರೆ ನಿಮ್ಮ ನೆರವು ಬೇಕು. 90ಕ್ಕಿಂತ ಕೆಳಗಿದ್ದರೆ ಪುಸ್ತಕ ಭಾರವಾಯಿತು.

ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿಗೊಳಿಸುವ ಕೇಂದ್ರ ಸರ್ಕಾರದ ಯೋಜನೆ ‘ನಿಪುಣ್ ಭಾರತ್’ನ ಮಾರ್ಗಸೂಚಿಯಲ್ಲಿ 3ನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದದ ಗುರಿ ಇದೆ. ಕನ್ನಡಕ್ಕೆ ಈ ಲೆಕ್ಕ ಹಚ್ಚುವಾಗ ಎಚ್ಚರ ಬೇಕು. ‘ಮರ’ ಎರಡಕ್ಷರದ ಒಂದು ಪದ, ‘ಹೊಲದಲ್ಲಿದ್ದವರಿಗೆ’ ಎಂಟಕ್ಷರದ ಒಂದೇ ಪದ. ಎರಡು ಪರೀಕ್ಷೆ ಹೋಲಿಸುವಾಗ ಪದದ ಜೊತೆ ಅಕ್ಷರವನ್ನೂ ಎಣಿಸಿದರೆ ಮಗುವಿಗೆ ಅನ್ಯಾಯವಾಗದು.

ಈಗ ತಲೆಬರಹದ ಮಾತು. ‘ಮನೆಯ ಮುಂದೆ’ ಎಂದು ಅಚ್ಚಾಗಿದ್ದರೆ ನಮ್ಮ ಮಕ್ಕಳು ‘ಮನಿ ಮುಂದ’ ಎನ್ನುತ್ತಾರೆ. ಮಗು ಅಕ್ಷರ ನೋಡಿದೆ, ಅರ್ಥ ಹಿಡಿದಿದೆ, ತನ್ನ ಮಾತಿಗೆ ತಿರುಗಿಸಿಯೂ ಇದೆ. ಓದು ಬಾರದ ಮಗುವಿಗೆ ಇದು ಸಾಧ್ಯವೇ ಇಲ್ಲ. ಇದನ್ನು ತಪ್ಪೆಂದು ಎಣಿಸಲೇಬಾರದು. ಪಕ್ಕದಲ್ಲಿ ‘ಆಡುಮಾತು’ ಎಂದು ಗುರುತು ಹಾಕಿದರೆ ಸಾಕು. ‘ಮನೆ’ಯನ್ನು ‘ಮಾನ’ ಎಂದು ಓದಿದರೆ ಮಾತ್ರ ಅದು ತಪ್ಪು.

ಓದು ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ. ಮೇಲಿನ ಪರಿಚ್ಛೇದಕ್ಕಾದರೆ: ಎತ್ತು ಎಲ್ಲಿ ಕಟ್ಟಿದ್ದರು? ಬಸಪ್ಪ ಅವನ್ನು ಆ ಕಡೆ ಯಾಕೆ ಕಟ್ಟಿದ? ನೆರಳು ‘ಸರಿಯಿತು’ ಅಂದರೆ ಏನಾಯಿತು? ಎರಡನೆಯದಕ್ಕೆ ಉತ್ತರ ಹಾಳೆಯಲ್ಲಿಲ್ಲ, ಮಗುವಿನ ತಲೆಯಲ್ಲಿ ಹುಟ್ಟಬೇಕು. ಬೆಳಗಾವಿಯ ಮರಾಠಿ ಮನೆಯ ಅಥವಾ ತಾಂಡಾದ ಲಂಬಾಣಿ ಮಗು ಸರಾಗವಾಗಿ ಓದಿ ಇಲ್ಲಿ ಸುಮ್ಮನಾಗಬಹುದು. ತನ್ನ ಮನೆಮಾತಿನಲ್ಲೇ ಹೇಳಲಿ, ತಿಳಿಯದಿದ್ದರೆ ದೊಡ್ಡ ತರಗತಿಯ ಹುಡುಗಿಯೊಬ್ಬಳು ನಿಮಗೆ ಹೇಳಿಕೊಡಲಿ.

ಬರಹಕ್ಕೆ ಎರಡು ಕೆಲಸ. ಮೊದಲನೆಯದು ಹತ್ತು ಪದದ ಉಕ್ತಲೇಖನ: ಮರ, ಕಸ, ಗಾಳಿ, ನೀರು, ಕೋಳಿ, ಅಕ್ಕ, ಎತ್ತು, ರೊಟ್ಟಿ, ರಸ್ತೆ, ಸೂರ್ಯ. ಪ್ರತಿ ಪದವನ್ನು ಎರಡು ಸಲ ಸ್ಪಷ್ಟವಾಗಿ ಹೇಳಿ. ನೀವು ‘ನೀರ’ ಎಂದು ಹೇಳಿ ಮಗು ಹಾಗೇ ಬರೆದರೆ ತಪ್ಪು ನಿಮ್ಮದು.

ಅಂಕಕ್ಕಿಂತ ತಪ್ಪಿನ ನಮೂನೆ ನೋಡಿ. ‘ನಿರು’, ‘ಕೊಳಿ’ ಬರೆದವರಿಗೆ ದೀರ್ಘ ಕಿವಿಗೆ ಬಿದ್ದಿಲ್ಲ. ‘ಎತು’ ಬರೆದವರಿಗೆ ಒತ್ತು ಕೇಳಿಸಿಲ್ಲ, ಅಥವಾ ಅದರ ಆಕಾರ ಗೊತ್ತಿಲ್ಲ; ತ, ನ, ಮ, ಯ, ರ, ಲ ಒತ್ತಾದಾಗ ಮೂಲ ರೂಪವೇ ಬದಲಾಗುತ್ತದೆ, ಆ ಆರನ್ನು ಬೇರೆಯಾಗಿಯೇ ಕಲಿಸಬೇಕು. ‘ರತ್ಸೆ’ ಎಂದರೆ ಎರಡೂ ಧ್ವನಿ ಸಿಕ್ಕಿವೆ, ಮೇಲೆ ಕೆಳಗೆ ಅದಲುಬದಲಾಗಿವೆ. ‘ಸೂರ್ಯ’ದಲ್ಲಿ ಮಕ್ಕಳು ಎಡವಲು ಕಾರಣವಿದೆ: ‘ರ್’ ಧ್ವನಿಯ ಗುರುತಾದ ಅರ್ಕಾವತ್ತನ್ನು ಮೊದಲು ಉಚ್ಚರಿಸುತ್ತೇವೆ, ಬರೆಯುವುದು ಅಕ್ಷರದ ನಂತರ. ಹಾಗಾಗಿ ‘ಸೂಯರ’ ಎಂದು ಓದುವವರು ಸೋಮಾರಿಗಳಲ್ಲ. ದ–ಧ, ಬ–ಭ ತಪ್ಪುಗಳನ್ನು ಕೊನೆಗಿಡಿ, ನಮ್ಮ ಆಡುಮಾತಿನಲ್ಲೇ ಮಹಾಪ್ರಾಣ ಅಪರೂಪ.

ಎರಡನೆಯದು ಸ್ವಂತ ಬರಹ: ‘ನಿನ್ನೆ ಮನೆಯಲ್ಲಿ ಏನು ಉಂಡೆ?’, ಹತ್ತು ನಿಮಿಷ, ನಾಲ್ಕೈದು ಸಾಲು. ‘ನಿನ್ನಿ ರೊಟ್ಟಿ ಪುಂಡಿಪಲ್ಲೆ ಉಂಡೆ’ ಎಂದು ಬರೆದರೆ ಕೆಂಪು ಶಾಯಿ ಎತ್ತಬೇಡಿ. ಮೊದಲು ವಿಷಯ, ಆಮೇಲೆ ವಾಕ್ಯ, ಪದಗಳ ನಡುವಿನ ಜಾಗ, ಕೊನೆಗೆ ಕಾಗುಣಿತ ನೋಡಿ.

ಓದಿಸಲು ಒಂದು ಮಗುವಿಗೆ ಆರು ನಿಮಿಷ ಹಿಡಿದರೂ ದಿನಕ್ಕೆ ಆರು ಮಕ್ಕಳಂತೆ 30 ಮಕ್ಕಳ ತರಗತಿ ಐದು ದಿನದಲ್ಲಿ ಮುಗಿಯುತ್ತದೆ. ಬರಹವನ್ನು ಎಲ್ಲರಿಗೂ ಒಟ್ಟಿಗೆ ಮಾಡಿಸಬಹುದು. ಹೆಸರಿನ ಮುಂದೆ ದಿನಾಂಕ, ಹಂತ, ಸರಿಯಾದ ಪದ, ಉತ್ತರ, ತಪ್ಪಿನ ನಮೂನೆ ಬರೆದಿಡಿ. ಆರು ವಾರ ಬಿಟ್ಟು ಅಷ್ಟೇ ಕಷ್ಟದ ಬೇರೆ ಹಾಳೆಯಿಂದ ಮತ್ತೆ ನೋಡಿ. ತಂದೆ ತಾಯಿಯ ಜೊತೆ ಕಬ್ಬು ಕಡಿಯಲು ಹೋಗಿ ತಿಂಗಳುಗಟ್ಟಲೆ ಸಾಲಿ ತಪ್ಪಿಸಿಕೊಂಡ ಮಕ್ಕಳನ್ನು ಬಂದ ದಿನವೇ ಕೂರಿಸಬೇಡಿ. ಒಂದು ವಾರ ಗೆಳೆಯರ ಜೊತೆ ಬೆರೆಯಲಿ, ಆಮೇಲೆ ಇದೇ ಹಾಳೆ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ.