ಪ್ರಾಣಿಮೂಲದ ಪೆಪ್ಟೈಡ್: ಇಲಿಗೆ ಚುಚ್ಚುವ ಮುನ್ನ, ಚುಚ್ಚಿದ ಮೇಲೆ

ಹೈಡ್ರೋಫೈಲಾಕ್ಸ್ ಬಹುವಿಸ್ತಾರ ಎಂಬ ಪಶ್ಚಿಮ ಘಟ್ಟದ ಕಪ್ಪೆಯ ಚರ್ಮದಿಂದ ಬಂದ ಪೆಪ್ಟೈಡೊಂದು (ಅಮೈನೋ ಆಮ್ಲಗಳ ಕಿರುಸರಣಿ) ಫ್ಲೂ ವೈರಸ್ಸನ್ನು ಹಾಳುಗೆಡಹುತ್ತದೆ ಎಂದು 2017ರಲ್ಲಿ ಪ್ರಕಟವಾಯಿತು. ಕೇರಳದ ಬಾಗುಗತ್ತಿ ಉರುಮಿಯ ನೆನಪಿಗೆ ಅದಕ್ಕೆ ಉರುಮಿನ್ ಎಂದು ಹೆಸರಿಟ್ಟರು. ಸುರಕ್ಷತೆ ನೋಡುವವರು ಗಮನಿಸಬೇಕಾದದ್ದು ಬೇರೆ: ಪರೀಕ್ಷಿಸಿದ 32 ಪೆಪ್ಟೈಡ್‌ಗಳಲ್ಲಿ ನಾಲ್ಕು ವೈರಸ್ಸಿನ ಮೇಲೆ ಕೆಲಸ ಮಾಡಿದವು, ಆ ನಾಲ್ಕರಲ್ಲಿ ಮೂರು ಮನುಷ್ಯರ ಕೆಂಪು ರಕ್ತಕಣಗಳಿಗೂ ವಿಷವಾಗಿದ್ದವು. ಆ ಮೂರನ್ನು ಕೈಬಿಡಲು ಇಲಿಯೇ ಬೇಕಿರಲಿಲ್ಲ. ಪೆಪ್ಟೈಡ್ ಪರೀಕ್ಷೆಯಲ್ಲಿ ಎಡವುವುದು ಹೆಚ್ಚಾಗಿ ಸೂಜಿ ಹಿಡಿಯುವ ಮುನ್ನವೇ, ಸೀಸೆ ಮತ್ತು ಲೆಕ್ಕದ ಹಂತದಲ್ಲಿ. ಹಾಗಾಗಿ ಈ ಬರಹದ ಅರ್ಧ ಭಾಗ ಇಲಿಯ ಪಂಜರದಿಂದ ದೂರವೇ ನಿಲ್ಲುತ್ತದೆ.

ಕನ್ನಡದಲ್ಲಿ ಎರಡಕ್ಕೂ ಇಲಿ ಎಂದರೂ ಡೋಸಿನ ಲೆಕ್ಕದಲ್ಲಿ ಅವು ಬೇರೆ ಬೇರೆ. ಇಲ್ಲಿ ಮೌಸ್ ಎಂದರೆ ಸುಮಾರು 25 ಗ್ರಾಂನದು, ರ‍್ಯಾಟ್ ಎಂದರೆ ಸುಮಾರು 250 ಗ್ರಾಂನದು.

ಮೊದಲು ರಕ್ತಕಣ

ಹೆಪಾರಿನ್ ಹಾಕಿದ ತಾಜಾ ರಕ್ತವನ್ನು ಸೆಂಟ್ರಿಫ್ಯೂಜ್ ಮಾಡಿ, ಕಣಗಳನ್ನು ಪಿಬಿಎಸ್‌ನಲ್ಲಿ (ಆಮ್ಲತೆ ಸ್ಥಿರವಾಗಿರುವ ಫಾಸ್ಫೇಟ್ ಉಪ್ಪುನೀರು) ಮೂರು ಸಲ ತೊಳೆದು, ಶೇ. 2ರ ತೇಲುದ್ರಾವಣ ಮಾಡಿಕೊಳ್ಳಿ. ಪೆಪ್ಟೈಡನ್ನು ಪ್ರತಿ ಹಂತಕ್ಕೂ ಅರ್ಧಕ್ಕಿಳಿಸುತ್ತ ಮಿಲಿಲೀಟರಿಗೆ 256ರಿಂದ 1 ಮೈಕ್ರೋಗ್ರಾಂವರೆಗೆ ತನ್ನಿ. 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಮತ್ತೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು 540 ನ್ಯಾನೋಮೀಟರಿನಲ್ಲಿ ಓದಿ. ಕಣಗಳನ್ನೆಲ್ಲ ಒಡೆಯುವ ಮಾರ್ಜಕ ಟ್ರೈಟಾನ್ ಎಕ್ಸ್-100 ಶೇ. 1ರಷ್ಟು ಹಾಕಿದ್ದು ನೂರಕ್ಕೆ ನೂರು, ಬರೀ ಪಿಬಿಎಸ್ ಸೊನ್ನೆ. ಪಿಬಿಎಸ್ ಕುಳಿಯೇ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರಕ್ತ ಹಳೆಯದು, ಇಲ್ಲವೇ ಪಿಪೆಟ್ ಬಳಸಿದ ಕೈ ಒರಟು. ಆ ಪ್ಲೇಟನ್ನು ಬಿಟ್ಟುಬಿಡಿ. ಮನುಷ್ಯರ ರಕ್ತದ ಜೊತೆಗೆ, ಮುಂದೆ ಬಳಸಲಿರುವ ಪ್ರಾಣಿಯ ರಕ್ತದಲ್ಲೂ ನೋಡಿ. ಜೇನುನೊಣದ ವಿಷದ ಮೆಲಿಟಿನ್‌ನಂತೆ ಪೊರೆ ಹರಿಯುವ ಪೆಪ್ಟೈಡ್ ಇಲ್ಲೇ ಸಿಕ್ಕಿಬೀಳುತ್ತದೆ. ರಕ್ತದಲ್ಲಿ ನಿರೀಕ್ಷಿಸುವ ಗರಿಷ್ಠ ಮಟ್ಟದ ಹತ್ತು ಪಟ್ಟಿನೊಳಗೆ ಶೇ. 10ರಷ್ಟು ಕಣಗಳು ಒಡೆದರೆ ರಕ್ತನಾಳಕ್ಕೆ ಕೊಡುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಸೀಸೆಯಲ್ಲಿ ಇರುವುದೇನು

ಸೀಸೆಯ ಮೇಲೆ 10 ಮಿಲಿಗ್ರಾಂ, ಶುದ್ಧತೆ ಶೇ. 98 ಎಂದಿದ್ದರೆ ಒಳಗೆ 9.8 ಮಿಲಿಗ್ರಾಂ ಪೆಪ್ಟೈಡ್ ಇದೆ ಎಂದಲ್ಲ. ಶುದ್ಧತೆ ಹೇಳುವುದು ಬೇರೆ ಪೆಪ್ಟೈಡ್ ಎಷ್ಟು ಬೆರೆತಿದೆ ಎಂಬುದನ್ನು ಮಾತ್ರ. ನೀರು ಮತ್ತು ಲವಣದ ತೂಕ ಅದರಲ್ಲಿ ಸೇರುವುದಿಲ್ಲ. ನೆಟ್ ಪೆಪ್ಟೈಡ್ ಅಂಶ, ಅಂದರೆ ಪುಡಿಯ ತೂಕದಲ್ಲಿ ಪೆಪ್ಟೈಡಿನ ಪಾಲು, ಶೇ. 75 ಇರುವುದು ಸಾಮಾನ್ಯ. ಅರ್ಜಿನೈನ್, ಲೈಸಿನ್ ಹೆಚ್ಚಿರುವ ಪೆಪ್ಟೈಡ್‌ಗಳಲ್ಲಿ ಇನ್ನೂ ಕಡಿಮೆ ಇರಬಹುದು. ಅಮೈನೋ ಆಮ್ಲ ವಿಶ್ಲೇಷಣೆಯ ವರದಿ ಕೇಳಿ ಪಡೆಯಿರಿ. ಲವಣ ಟಿಎಫ್‌ಎ (ಟ್ರೈಫ್ಲೋರೋಅಸಿಟೇಟ್) ಆಗಿದ್ದರೆ ಅಸಿಟೇಟ್‌ಗೆ ಬದಲಿಸಿ. ಇಲ್ಲದಿದ್ದರೆ ದ್ರಾವಣದ ಆಮ್ಲತೆಯಿಂದ ಚುಚ್ಚಿದ ಜಾಗ ಉರಿಯುತ್ತದೆ, ದೂರು ಮಾತ್ರ ಔಷಧದ ಮೇಲೆ ಬೀಳುತ್ತದೆ.

ಹಾವಿನ ವಿಷದಿಂದ ಅಥವಾ ಚರ್ಮದ ಸ್ರಾವದಿಂದ ನೇರವಾಗಿ ಬೇರ್ಪಡಿಸಿದ ಮಾದರಿಯನ್ನು ಸುರಕ್ಷತಾ ಪರೀಕ್ಷೆಗೆ ಬಳಸಬೇಡಿ. ಜೊತೆಯಲ್ಲಿ ಉಳಿದುಹೋದ, ಪೊರೆ ಒಡೆಯುವ ಫಾಸ್ಫೋಲೈಪೇಸ್ ಕಿಣ್ವ ಒಂದಿಷ್ಟು ಸಾಕು, ಫಲಿತಾಂಶ ಯಾರದ್ದೋ ಆಗಿಬಿಡುತ್ತದೆ. ಅದೇ ಸರಣಿಯನ್ನು ಸಂಶ್ಲೇಷಿಸಿಕೊಳ್ಳಿ. ಆಗ ಮಡಚಿಕೆಯ ತೊಡಕು ಎದುರಾಗುತ್ತದೆ. ಕೋನಸ್ ಮ್ಯಾಗಸ್ ಎಂಬ ಸಮುದ್ರದ ಬಸವನಹುಳುವಿನಿಂದ ಬಂದು 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನೋವುನಿವಾರಕ ಜಿಕೊನೊಟೈಡ್‌ನಲ್ಲಿ 25 ಅಮೈನೋ ಆಮ್ಲ, ಮೂರು ಡೈಸಲ್ಫೈಡ್ ಕೊಂಡಿಗಳಿವೆ. ಆರು ಸಿಸ್ಟೀನ್‌ಗಳು ಜೋಡಿಯಾಗಲು 15 ದಾರಿಗಳಿವೆ, ಬೇಕಾದದ್ದು ಒಂದೇ. ತೂಕ ಎಲ್ಲಕ್ಕೂ ಒಂದೇ ಆದ್ದರಿಂದ ಮಾಸ್ ಸ್ಪೆಕ್ಟ್ರಮ್ ಮಾತ್ರ ನಂಬಿದರೆ ಮೋಸಹೋಗುತ್ತೀರಿ. ಸಹಜ ಪೆಪ್ಟೈಡಿನ ಜೊತೆ ಬೆರೆಸಿ, ಮಿಶ್ರಣವನ್ನು ಬಿಡಿಸಿ ತೋರಿಸುವ ಎಚ್‌ಪಿಎಲ್‌ಸಿಯಲ್ಲಿ ಓಡಿಸಿ, ಒಂದೇ ಶಿಖರ ಬರುತ್ತದೆಯೇ ನೋಡಿ.

ಬ್ಯಾಕ್ಟೀರಿಯಾದ ಹೊರಪೊರೆಯಿಂದ ಬರುವ ಎಂಡೋಟಾಕ್ಸಿನ್ ಎಂಬ ವಿಷ ಇನ್ನೊಂದು ಬಲೆ. ಬೆನ್ನುಹುರಿಯ ದ್ರವಕ್ಕೆ ಕೊಡುವವನ್ನು ಬಿಟ್ಟರೆ, ಮನುಷ್ಯರಿಗೆ ಚುಚ್ಚುವ ಔಷಧಗಳ ಮಿತಿ ಗಂಟೆಗೆ ಕಿಲೋಗ್ರಾಂಗೆ 5 ಘಟಕ. ಇಲಿಗಳು ಮನುಷ್ಯರಿಗಿಂತ ಬಹಳ ಹೆಚ್ಚು ತಡೆದುಕೊಳ್ಳುತ್ತವೆ, ಹಾಗಾಗಿ ಇಲಿ ಚೆನ್ನಾಗಿದೆ ಎಂಬುದು ಸೀಸೆ ಸ್ವಚ್ಛವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಆದರೆ ಅವು ತಾಳುವ ಪ್ರಮಾಣ ಮೀರಿದರೆ ಮೈ ರೋಮ ಕೆದರಿ, ಮುದುಡಿ ಕೂರುತ್ತವೆ, ಥೇಟ್ ಔಷಧದ ದುಷ್ಪರಿಣಾಮದಂತೆ. ಧನ ವಿದ್ಯುದಾವೇಶದ ಪೆಪ್ಟೈಡ್‌ಗಳು ಎಂಡೋಟಾಕ್ಸಿನ್‌ಗೆ ಅಂಟಿಕೊಂಡು, ಅದನ್ನು ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆಯ ಕಣ್ಣು ತಪ್ಪಿಸುತ್ತವೆ. ಗೊತ್ತಿರುವ ಪ್ರಮಾಣದ ಎಂಡೋಟಾಕ್ಸಿನ್ ಸೇರಿಸಿ, ಅದರ ಶೇ. 50ರಿಂದ 200 ಮರಳಿ ಸಿಕ್ಕರೆ ಮಾತ್ರ ಫಲಿತಾಂಶ ಒಪ್ಪಿ.

ಮೈಕ್ರೋಗ್ರಾಂ ಮಟ್ಟದ ದ್ರಾವಣದಲ್ಲಿ ಪೆಪ್ಟೈಡ್ ಗಾಜಿಗೂ ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಕಡಿಮೆ ಅಂಟುವ ಪಾಲಿಪ್ರೊಪಿಲೀನ್ ಟ್ಯೂಬು ಬಳಸಿ, ಬೇಕಿದ್ದರೆ ಶೇ. 0.1 ಆಲ್ಬುಮಿನ್ ಸೇರಿಸಿ. ಹಲವು ದಿನ ಕೊಡುವುದಾದರೆ ಹಸುವಿನ ಆಲ್ಬುಮಿನ್ ಬೇಡ, ಅದರ ವಿರುದ್ಧವೇ ಪ್ರತಿಕಾಯ ಹುಟ್ಟುತ್ತದೆ. ಅದೇ ಜಾತಿಯ ಪ್ರಾಣಿಯದ್ದು ಇರಲಿ. ಟ್ಯೂಬಿನಲ್ಲಿರುವುದನ್ನಲ್ಲ, ಸಿರಿಂಜಿನ ಸೂಜಿಯಿಂದ ಹೊರಬಿದ್ದದ್ದನ್ನು ಅಳೆಯಿರಿ. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕುಲುಕಬೇಡಿ, ನೊರೆ ಬಂದಲ್ಲಿ ಪೆಪ್ಟೈಡ್ ಗಂಟುಕಟ್ಟುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಅನುಮತಿ

ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಅದರಡಿಯ 1998ರ ನಿಯಮಗಳ ಪ್ರಕಾರ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಫಾರ್ಮ್ ಬಿ ಎಂಬ ಅರ್ಜಿ ಸಲ್ಲಿಸಬೇಕು. ಇಲಿ ಸಂಖ್ಯೆಗೆ ಕಾರಣ ಬರೆಯುವಾಗ ‘ಹಿಂದಿನವರು ಆರು ಬಳಸಿದ್ದರು’ ಎಂಬುದು ಕಾರಣವಲ್ಲ. ಮಾರ್ಗ ಬದಲಾದರೂ, ಅಂದರೆ ಚರ್ಮದಡಿಯಿಂದ ರಕ್ತನಾಳಕ್ಕೆ ಹೋದರೂ, ತಿದ್ದುಪಡಿಗೆ ಮತ್ತೆ ಅರ್ಜಿ ಹಾಕಿ. ಹಾವು ಹಿಡಿದು ವಿಷ ತೆಗೆಯುವುದಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಮತಿ ಬೇರೆ.

ಡೋಸು

ಪೆಪ್ಟೈಡನ್ನು ಬಾಯಿಗೆ ಕೊಟ್ಟು, ಕಿಲೋಗ್ರಾಂಗೆ 2000 ಮಿಲಿಗ್ರಾಂನಲ್ಲೂ ಒಂದೂ ಸಾಯಲಿಲ್ಲ ಎಂದು ಬರೆದ ಪ್ರಬಂಧಕ್ಕೆ ಅರ್ಥವಿಲ್ಲ. ವಿಷಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಒಇಸಿಡಿ 423 ಬಾಯಿಯ ಮೂಲಕ ಕೊಡುವ ವಸ್ತುಗಳಿಗಾಗಿ ಇದೆ. ಹೆಚ್ಚಿನ ಪೆಪ್ಟೈಡ್‌ಗಳು ಜೀರ್ಣನಾಳದಲ್ಲೇ ಒಡೆದುಹೋಗುತ್ತವೆ. ರೋಗಿಗೆ ಯಾವ ಮಾರ್ಗವೋ ಇಲಿಗೂ ಅದೇ ಮಾರ್ಗ. ಎಲ್‌ಡಿ50, ಅಂದರೆ ಅರ್ಧದಷ್ಟು ಪ್ರಾಣಿಗಳು ಸಾಯುವ ಡೋಸು, ಹುಡುಕಲೂ ಹೋಗಬೇಡಿ. ಅದಕ್ಕಾಗಿದ್ದ ಒಇಸಿಡಿ 401 ಮಾರ್ಗಸೂಚಿಯನ್ನು 2002ರಲ್ಲೇ ಕೈಬಿಟ್ಟಿದ್ದಾರೆ.

ಪರಿಣಾಮ ಕಾಣುವ ಕನಿಷ್ಠ ಡೋಸಿನ ಹತ್ತರಲ್ಲೊಂದು ಭಾಗದಿಂದ ಶುರುಮಾಡಿ, ಪ್ರತಿ ಹಂತಕ್ಕೂ ಸುಮಾರು ಮೂರು ಪಟ್ಟು ಏರಿಸಿ. ಹಂತಕ್ಕೆ ಎರಡು ಪ್ರಾಣಿ, ನಡುವೆ 24 ಗಂಟೆ. ಸಹಿಸಬಲ್ಲ ಗರಿಷ್ಠ ಡೋಸು ಸಿಕ್ಕ ಮೇಲೆ ಐದು ಗಂಡು, ಐದು ಹೆಣ್ಣಿನ ಗುಂಪು ಮಾಡಿ, ಬರೀ ವಾಹಕ ದ್ರಾವಣ ಕೊಟ್ಟ ಗುಂಪಿನ ಜೊತೆ ಖಚಿತಪಡಿಸಿಕೊಳ್ಳಿ.

ಗಾತ್ರವನ್ನು ಸ್ಥಿರವಾಗಿಟ್ಟು ಸಾಂದ್ರತೆ ಬದಲಿಸಿ. ಚರ್ಮದಡಿಗೆ ಮೌಸ್‌ಗೆ ಕಿಲೋಗ್ರಾಂಗೆ 10 ಮಿಲಿಲೀಟರ್, ರ‍್ಯಾಟ್‌ಗೆ 5; ರಕ್ತನಾಳಕ್ಕೆ ಎರಡಕ್ಕೂ 5. ಉದಾಹರಣೆಗೆ ಕಿಲೋಗ್ರಾಂಗೆ 2 ಮಿಲಿಗ್ರಾಂ ಡೋಸು, 5 ಮಿಲಿಲೀಟರ್ ಗಾತ್ರ ಎಂದರೆ ದ್ರಾವಣ ಮಿಲಿಲೀಟರಿಗೆ 0.4 ಮಿಲಿಗ್ರಾಂ. ನೆಟ್ ಅಂಶ ಶೇ. 75 ಆಗಿದ್ದರೆ ತೂಗಬೇಕಾದ ಪುಡಿ ಮಿಲಿಲೀಟರಿಗೆ 0.53 ಮಿಲಿಗ್ರಾಂ. 250 ಗ್ರಾಂನ ರ‍್ಯಾಟ್‌ಗೆ 1.25 ಮಿಲಿಲೀಟರ್ ಹೋಗುತ್ತದೆ.

ಚುಚ್ಚಿದ ಮೇಲೆ

ಧನ ಆವೇಶದ ಪೆಪ್ಟೈಡನ್ನು ರಕ್ತನಾಳಕ್ಕೆ ಒಮ್ಮೆಲೇ ದೂಡಿದರೆ ಅಲರ್ಜಿ ಹುಟ್ಟಿಸುವ ಮಾಸ್ಟ್ ಕೋಶಗಳು ಹಿಸ್ಟಮೀನ್ ಸುರಿಸುತ್ತವೆ. ಪಾದ, ಕಿವಿ, ಮೂತಿ ಕೆಂಪಾಗಿ ಊದುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಅದೇ ಡೋಸನ್ನು ನಿಧಾನವಾಗಿ ಬಿಟ್ಟರೆ ಹಲವು ಸಲ ಏನೂ ಆಗುವುದಿಲ್ಲ. ಆದ್ದರಿಂದ ಡೋಸಿನ ಪಕ್ಕದಲ್ಲಿ ಎಷ್ಟು ಸೆಕೆಂಡಿನಲ್ಲಿ ಕೊಟ್ಟಿರಿ ಎಂಬುದನ್ನೂ ಬರೆದಿಡಿ. ಇಲಿಯ ಮಾಸ್ಟ್ ಕೋಶದ ಗ್ರಾಹಕ ಮನುಷ್ಯರದ್ದಕ್ಕೆ ಸರಿಸಮನಲ್ಲ. ಇಲಿ ಸುಮ್ಮನಿದ್ದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು.

15, 30, 60, 120, 240ನೇ ನಿಮಿಷ, ಆಮೇಲೆ 24ನೇ ಗಂಟೆ, ಮುಂದೆ 14 ದಿನ ದಿನಕ್ಕೊಮ್ಮೆ ನೋಡಿ: ನಡಿಗೆ, ನಡುಕ, ಪಾಪೆ, ಉಸಿರು, ಮಗುಚಿಹಾಕಿದರೆ ಎದ್ದು ನಿಲ್ಲುವಿಕೆ, ಮೈ ಶಾಖ. ಅಂಕ ಹಾಕುವವರಿಗೆ ಯಾವ ಪಂಜರಕ್ಕೆ ಏನು ಕೊಟ್ಟಿದೆ ಎಂದು ತಿಳಿದಿರಬಾರದು. ಜಿಕೊನೊಟೈಡ್ ಬಗೆಯದ್ದಾದರೆ ಇಡೀ ಮೈ ನಡುಗುವುದನ್ನೂ ರಕ್ತದೊತ್ತಡ ಇಳಿಯುವುದನ್ನೂ ಎದುರುನೋಡಿ. ಗಿಲಾ ಮಾನ್‌ಸ್ಟರ್ ಹಲ್ಲಿಯ ಜೊಲ್ಲಿನ ಎಕ್ಸೆಂಡಿನ್-4ರ ಬಗೆಯದ್ದಾದರೆ ಇಲಿ ಮೇವು ಬಿಡುತ್ತದೆ, ತೂಕ ಇಳಿಯುತ್ತದೆ. ಇದು ಔಷಧದ ಕೆಲಸವೇ, ವಿಷವಲ್ಲ. ಎರಡನ್ನೂ ಬೇರ್ಪಡಿಸಲು, ಔಷಧ ಪಡೆದವು ತಿಂದಷ್ಟೇ ಮೇವು ಕೊಟ್ಟ ಇನ್ನೊಂದು ಗುಂಪು ಬೇಕು.

ಶುರುವಿನ ತೂಕದಲ್ಲಿ ಶೇ. 20 ಇಳಿದರೆ, ಏಳಲಾಗದೆ ಮಲಗಿದರೆ, ಉಸಿರು ಎಳೆಯುತ್ತಿದ್ದರೆ ಮುಂದಿನ ವೀಕ್ಷಣೆಗೆ ಕಾಯಬೇಡಿ. ಅಲ್ಲೇ ನೋವಿಲ್ಲದಂತೆ ಕೊನೆಗಾಣಿಸಿ. ಈ ಮಿತಿಗಳು ಪ್ರಯೋಗಕ್ಕೆ ಮುಂಚೆಯೇ ಫಾರ್ಮಿನಲ್ಲಿ ಇರಬೇಕು.

ರಕ್ತ, ಅಂಗಾಂಗ

ರ‍್ಯಾಟ್‌ನಲ್ಲಿ ಕಿಲೋಗ್ರಾಂಗೆ ಸುಮಾರು 64 ಮಿಲಿಲೀಟರ್ ರಕ್ತ, ಮೌಸ್‌ನಲ್ಲಿ 72. ಒಂದು ಸಲಕ್ಕೆ ಅದರ ಶೇ. 10 ಮಾತ್ರ ತೆಗೆಯಬಹುದು: ರ‍್ಯಾಟ್‌ನಿಂದ 1.6 ಮಿಲಿಲೀಟರ್, ಮೌಸ್‌ನಿಂದ ಬರೀ 0.18. ಹೀಗಾಗಿ ಮೌಸ್‌ನಲ್ಲಿ ಒಂದೊಂದು ಸಮಯಕ್ಕೂ ಬೇರೆ ಮೂರು ಪ್ರಾಣಿ ಬೇಕಾಗುತ್ತವೆ. ಪೆಪ್ಟೈಡ್ ಟ್ಯೂಬಿನಲ್ಲೂ ಒಡೆಯುತ್ತಲೇ ಇರುತ್ತದೆ, ಆದ್ದರಿಂದ ಪ್ರೋಟಿಯೇಸ್ ತಡೆಕಾರಕ ಹಾಕಿದ ತಣ್ಣನೆಯ ಟ್ಯೂಬಿಗೇ ನೇರ ಹಿಡಿಯಿರಿ. ಕಿಡ್ನಿಯನ್ನು ವಿಶೇಷವಾಗಿ ನೋಡಿ. ಸೋಸಿಹೋದ ಪೆಪ್ಟೈಡನ್ನು ಹೀರಿಕೊಳ್ಳುವುದು ಅಲ್ಲಿನ ನಳಿಕೆಗಳ ಮೊದಲ ಭಾಗ. ಚುಚ್ಚಿದ ಜಾಗದ ತುಂಡನ್ನೂ ಫಾರ್ಮಲಿನ್‌ಗೆ ಹಾಕಲು ಮರೆಯಬೇಡಿ.

14 ದಿನ ಅಥವಾ 28 ದಿನ ಕೊಡುವಾಗ ಎರಡನೇ ವಾರದಿಂದ ಪ್ರತಿಕಾಯ ಹುಟ್ಟಬಹುದು. ಆಗ ಔಷಧ ರಕ್ತದಲ್ಲೇ ಬಂಧಿಯಾಗಿ, ದುಷ್ಪರಿಣಾಮ ಮಾಯವಾದಂತೆ ಕಾಣುತ್ತದೆ. ಮೊದಲ ದಿನ ಮತ್ತು ಕೊನೆಯ ದಿನ ಎರಡರಲ್ಲೂ ರಕ್ತಮಟ್ಟ ಅಳೆಯದಿದ್ದರೆ ಇದು ತಿಳಿಯುವುದೇ ಇಲ್ಲ.

ಮನುಷ್ಯರ ಡೋಸಿಗೆ ಇಳಿಸುವಾಗ ಮೌಸ್ ಡೋಸನ್ನು 12.3ರಿಂದ, ರ‍್ಯಾಟ್ ಡೋಸನ್ನು 6.2ರಿಂದ ಭಾಗಿಸಿ, ಮತ್ತೆ ಹತ್ತರಿಂದ ಭಾಗಿಸುತ್ತಾರೆ. ರ‍್ಯಾಟ್‌ನಲ್ಲಿ ದುಷ್ಪರಿಣಾಮವಿಲ್ಲದ ಡೋಸು ಕಿಲೋಗ್ರಾಂಗೆ 6.2 ಮಿಲಿಗ್ರಾಂ ಆಗಿದ್ದರೆ ಮನುಷ್ಯರಿಗೆ ಶುರುವಿನ ಡೋಸು ಕಿಲೋಗ್ರಾಂಗೆ 0.1 ಮಿಲಿಗ್ರಾಂ ಮೀರಬಾರದು. ಜಿಕೊನೊಟೈಡ್‌ನಂತೆ ಬೆನ್ನುಹುರಿಯ ದ್ರವಕ್ಕೆ ನೇರ ಕೊಡುವಂಥವಕ್ಕೆ ಈ ಭಾಗಾಕಾರ ಹೊಂದುವುದಿಲ್ಲ. ಅಲ್ಲಿ ಮೈತೂಕ ಬಿಟ್ಟು, ಆ ಜಾಗದಲ್ಲಿ ಏಳುವ ಸಾಂದ್ರತೆಯನ್ನೇ ಲೆಕ್ಕ ಹಾಕಬೇಕು.