ನೀರಿನಲ್ಲಿ ಬೆಳೆಸುವ ಸಸಿ ಮಲಗಿತೇ? ಗೊಬ್ಬರದ ಬಾಟಲಿ ಆಮೇಲೆ ತೆಗೆಯಿರಿ

ಮೂರನೇ ದಿನ ಮೊಳಕೆ ಬಂತು. ಮನೆಯವರಿಗೆಲ್ಲ ತೋರಿಸಿದ್ದೂ ಆಯಿತು. ಆರನೇ ದಿನಕ್ಕೆ ಸಸಿ ಜೋತು ಬಿದ್ದು ಮಲಗಿತು, ಇಲ್ಲವೇ ಎಲೆ ಹಳದಿಯಾಯಿತು. ಮನೆಯೊಳಗೆ ಹೊಸದಾಗಿ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ನೀರಿನಲ್ಲಿ ಗಿಡ ಬೆಳೆಸುವುದು, ಶುರು ಮಾಡಿದವರಲ್ಲಿ ಹೆಚ್ಚಿನವರು ಎದುರಿಸುವುದು ಇದನ್ನೇ. ಆಗ ಕೈ ಸೀದಾ ಹೋಗುವುದು ಗೊಬ್ಬರದ ಬಾಟಲಿಗೆ. ಅಲ್ಲೇ ತಡೆಯಿರಿ. ವಿಜಯಪುರದಂಥ ಊರಲ್ಲಿ ಎಳೆ ಸಸಿ ಹಸಿವಿನಿಂದ ಸಾಯುವುದು ಅಪರೂಪ. ನೀರು, ಸೆಕೆ, ಬೆಳಕು ಇವುಗಳಲ್ಲಿ ಒಂದರಿಂದ ಸಾಯುವುದೇ ಜಾಸ್ತಿ.

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಯನ್ನೂ ಸ್ವಲ್ಪ ಸೋಸಿ ನೋಡಬೇಕು. ಅದರಲ್ಲಿ ಬಹಳಷ್ಟು ಚಳಿ ದೇಶದವರು ಬರೆದದ್ದು. ಟ್ರೇ ಕೆಳಗೆ ಬಿಸಿ ಮಾಡುವ ಮ್ಯಾಟ್ ಹಾಸಿ ಅನ್ನುತ್ತಾರೆ. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಊರಿಗೆ ಮ್ಯಾಟ್! ಇನ್ನು ಒಂದಷ್ಟು ಬರಹಗಳು ಗಾಂಜಾ ಬೆಳೆಯುವವರಿಗಾಗಿಯೇ ಇರುತ್ತವೆ. ಅನುಮತಿ ಇಲ್ಲದೆ ಅದನ್ನು ಬೆಳೆಯುವುದು ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿಯ ಗೊಬ್ಬರದ ಲೆಕ್ಕ ತಂದು ಸೊಪ್ಪಿಗೆ ಹಾಕಿದರೆ ಎಲೆ ಸುಡುತ್ತದೆ. ಇಲ್ಲಿ ಹೇಳುತ್ತಿರುವುದು ಲೆಟ್ಯೂಸ್, ಪಾಲಕ್, ಬೇಸಿಲ್, ಟೊಮೆಟೊ, ಮೆಣಸಿನಕಾಯಿ ಅಗಿಗಳ ಬಗ್ಗೆ.

ಮೊದಲು ಕೂತು ನೋಡಿ

ಮೊದಲು ಬಿಚ್ಚಿಕೊಳ್ಳುವ ಎರಡು ಎಲೆಗಳು ಬೀಜದೆಲೆಗಳು. ಆಮೇಲೆ ನಡುವಿನಿಂದ ಬರುವುದು ನಿಜವಾದ ಎಲೆ. ಬೀಜ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬಂದಿರುತ್ತದೆ. ಹಾಗಾಗಿ ನಿಜವಾದ ಎಲೆ ಕಾಣುವ ತನಕ ಬರೀ ನೀರು ಸಾಕು. ಮೂರ್ನಾಲ್ಕು ನಿಜವಾದ ಎಲೆ ಬಂದ ಮೇಲೆ ಬೀಜದೆಲೆ ಹಳದಿಯಾಗಿ ಉದುರಿದರೆ ಗಾಬರಿಯಾಗಬೇಡಿ. ಅದರ ಕೆಲಸ ಮುಗಿದಿದೆ.

ಈಗ ಇಡೀ ಟ್ರೇ ನೋಡಿ. ಎಲ್ಲ ಸಸಿಗೂ ಒಂದೇ ತರಹ ಆಗಿದೆಯೇ? ಹಾಗಿದ್ದರೆ ನೀರು, ಬೆಳಕು ಅಥವಾ ಸೆಕೆಯ ತೊಂದರೆ. ಒಂದು ಮೂಲೆಯಲ್ಲಿ ಶುರುವಾಗಿ ಪಕ್ಕದ್ದಕ್ಕೆ ಹಬ್ಬುತ್ತಿದೆಯೇ? ರೋಗ ಇರಬಹುದು. ಇಲ್ಲೊಂದು ಅಲ್ಲೊಂದು ಮಾತ್ರ ಸೊರಗಿದ್ದರೆ ಬೀಜವೇ ಬಲ ಇಲ್ಲದ್ದು, ಬಿಟ್ಟುಬಿಡಿ. ಆಮೇಲೆ ಒಂದು ಸಸಿ ಎತ್ತಿ ಬೇರು ನೋಡಿ. ಬಿಳಿ ಇದ್ದರೆ ಒಳ್ಳೆಯದು. ಕಂದಾಗಿ, ಮುಟ್ಟಿದರೆ ಲೋಳೆಯಾಗಿದ್ದರೆ ಬೇರು ಕೊಳೆಯುತ್ತಿದೆ.

ಏನು ಬದಲಿಸಿದರೂ ಒಂದು ಸಲಕ್ಕೆ ಒಂದೇ ಬದಲಿಸಿ, ಎರಡು ದಿನ ಕಾಯಿರಿ. ಲೈಟು, ನೀರು, ಗೊಬ್ಬರ ಮೂರನ್ನೂ ಒಂದೇ ಸಂಜೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ.

ಮೊಳಕೆಯೇ ಬರಲಿಲ್ಲ

ಲೆಟ್ಯೂಸ್ ಹಾಕಿ ವಾರವಾದರೂ ಏನೂ ಕಾಣದಿದ್ದರೆ ಬೀಜದ ಅಂಗಡಿಯವರನ್ನು ಬೈಯುವ ಮೊದಲು ಕೋಣೆಯ ಶಾಖ ನೋಡಿ. ಲೆಟ್ಯೂಸ್ ತಂಪಿನ ಬೆಳೆ. 20 ಡಿಗ್ರಿ ಆಸುಪಾಸು ಇದ್ದರೆ ಚುರುಕಾಗಿ ಮೊಳೆಯುತ್ತದೆ. 30 ಡಿಗ್ರಿ ದಾಟಿತೆಂದರೆ ಹೆಚ್ಚಿನ ತಳಿಗಳು ಸುಮ್ನೆ ಮಲಗಿಬಿಡುತ್ತವೆ. ಬೀಜ ಸತ್ತಿರುವುದಿಲ್ಲ, ತಂಪಿಗೆ ಕಾಯುತ್ತಿರುತ್ತದೆ. ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಎರಡು ಮೂರು ದಿನ ಇಡಿ. ಸಂಜೆ ಹೊತ್ತಿಗೆ ತೆಗೆದು ಬಿತ್ತಿ. ಟ್ರೇ ಮಾಳಿಗೆಯ ಕೋಣೆಯಲ್ಲಿ ಬೇಡ. ಕೆಳಗಿನ ಕೋಣೆಯ ನೆಲದ ಮೇಲೆ, ಬಿಸಿಲು ಬೀಳದ ಕಡೆ ಇರಲಿ.

ಲೆಟ್ಯೂಸ್ ಬೀಜವನ್ನು ಆಳಕ್ಕೆ ಹುಗಿಯಲೂಬಾರದು. ಅನೇಕ ತಳಿಗಳಿಗೆ ಮೊಳೆಯಲು ಬೆಳಕು ಬೇಕು. ಮೇಲಿಟ್ಟು ಮೆಲ್ಲಗೆ ಒತ್ತಿದರೆ ಸಾಕು.

ನನ್ನನ್ನು ಕೇಳಿದರೆ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಹೊಸಬರು ಲೆಟ್ಯೂಸನ್ನು ಅಕ್ಟೋಬರ್‌ನಿಂದ ಫೆಬ್ರುವರಿ ಒಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಬೇಸಿಗೆಗೆ ಬೇಸಿಲ್, ರಾಜಗಿರಿ, ಮೆಣಸಿನಕಾಯಿ ಇವೆಯಲ್ಲ. ಇವಕ್ಕೆ ಬೆಚ್ಚಗಿದ್ದರೇ ಖುಷಿ. ಬೆಳಗಾವಿಯವರಿಗೆ ಈ ಕಷ್ಟ ಕಡಿಮೆ. ಅವರ ಕಷ್ಟ ಬೇರೆ, ಮುಂದೆ ಬರುತ್ತದೆ.

ದಾರದ ಹಾಗೆ ಉದ್ದವಾಯಿತು

ಇದಕ್ಕೆ ಮುಖ್ಯ ಕಾರಣ, ಬೆಳಕು ಸಾಲದು. ಕಿಟಕಿಯ ಪಕ್ಕ ನಮ್ಮ ಕಣ್ಣಿಗೆ ಬೆಳಕು ಚೆನ್ನಾಗಿದೆ ಅನ್ನಿಸುತ್ತದೆ. ಸಸಿಗೆ ಅದು ಕತ್ತಲೆಯೇ. ಬೆಳಕು ಹುಡುಕಿಕೊಂಡು ಕಾಂಡ ಉದ್ದವಾಗುತ್ತದೆ, ತನ್ನ ಭಾರ ತಡೆಯದೆ ಬೀಳುತ್ತದೆ.

ದುಬಾರಿ ನೇರಳೆ ಲೈಟು ಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಎರಡು ಸಾಕು. ಸಸಿಯ ತುದಿಯಿಂದ ಒಂದು ಗೇಣಿಗಿಂತ ದೂರ ಹೋಗದಂತೆ, ಸುಮಾರು 15ರಿಂದ 20 ಸೆಂಟಿಮೀಟರ್ ಮೇಲೆ ಕಟ್ಟಿ. ದಿನಕ್ಕೆ 14ರಿಂದ 16 ತಾಸು ಉರಿಯಲಿ. ಒಂದು ಟೈಮರ್ ಹಾಕಿದರೆ ನೆನಪಿಡುವ ಕೆಲಸ ತಪ್ಪುತ್ತದೆ. ಸಸಿಯ ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ಬಿಸಿ ತಾಗಿದರೆ ಲೈಟು ಸ್ವಲ್ಪ ಮೇಲೆ ಹೋಗಲಿ.

ಈಗಾಗಲೇ ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಟೊಮೆಟೊ ಆದರೆ ನೆಟ್ ಪಾಟಿಗೆ (ಜಾಲರಿಯಂತೆ ತೂತುಗಳಿರುವ ಸಣ್ಣ ಕುಂಡ) ಹಾಕುವಾಗ ಕಾಂಡವನ್ನು ಸ್ವಲ್ಪ ಆಳಕ್ಕೆ ಇಳಿಸಬಹುದು, ಅಲ್ಲಿಂದಲೇ ಬೇರು ಬಿಡುತ್ತದೆ. ಲೆಟ್ಯೂಸಿಗೆ ಈ ಉಪಾಯ ಬೇಡ. ನಡುಸುಳಿ ಒದ್ದೆಯಾಗಿ ಕೊಳೆಯುತ್ತದೆ. ಮತ್ತೆ ಬಿತ್ತುವುದೇ ಸಲೀಸು.

ಬುಡ ಸಣ್ಣಗಾಗಿ ಬಿತ್ತು

ಇದು ಉದ್ದವಾಗಿ ಬೀಳುವುದಕ್ಕಿಂತ ಬೇರೆ. ಇಲ್ಲಿ ಕಾಂಡದ ಬುಡ ನೀರು ಹೀರಿದಂತೆ ಕಂದಾಗಿ, ಕಡ್ಡಿಯಷ್ಟು ಸಣ್ಣಗಾಗಿ, ನಿಂತ ಸಸಿ ರಾತ್ರಿ ಕಳೆಯುವಷ್ಟರಲ್ಲಿ ಬಿದ್ದಿರುತ್ತದೆ. ಸಸಿ ಸಾಯುವ ರೋಗ ಎಂದು ಕರೆಯುವುದು ಇದನ್ನೇ. ಪಿಥಿಯಂ, ರೈಜಾಕ್ಟೋನಿಯಾ ಎಂಬ ರೋಗಾಣುಗಳು ಇದಕ್ಕೆ ಕಾರಣ. ನಿಪ್ಪಾಣಿ ಕಡೆ ತಂಬಾಕಿನ ಸಸಿ ಮಡಿ ಮಾಡಿದವರಿಗೂ, ಮೆಣಸಿನಕಾಯಿ ಅಗಿ ಬೆಳೆಸಿದವರಿಗೂ ಇದು ಹೊಸದಲ್ಲ. ಮಣ್ಣಿಲ್ಲ ಅಂದ ಮಾತ್ರಕ್ಕೆ ಈ ರೋಗ ಬರುವುದಿಲ್ಲ ಅಂದುಕೊಳ್ಳಬೇಡಿ. ನೀರಿನಲ್ಲಿ ಇನ್ನೂ ಬೇಗ ಹಬ್ಬುತ್ತದೆ.

ಬಿದ್ದ ಸಸಿಯನ್ನು ಯಾವ ಔಷಧಿಯೂ ಎಬ್ಬಿಸುವುದಿಲ್ಲ. ಅದನ್ನೂ ಅಂಟಿಕೊಂಡ ಪಕ್ಕದ ಸಸಿಯನ್ನೂ ಬೀಜ ಬಿತ್ತಿದ ಸ್ಪಾಂಜ್ ಸಮೇತ ತೆಗೆದು ಹೊರಗೆ ಹಾಕಿ. ಉಳಿದವಕ್ಕೆ ನೀರು ಕಡಿಮೆ ಮಾಡಿ. ಸ್ಪಾಂಜ್ ಒದ್ದೆಯಾಗಿರಬೇಕು, ಹಿಂಡಿದರೆ ಧಾರೆ ಸುರಿಯಬಾರದು. ಮೊಳಕೆ ಬಂದ ದಿನವೇ ಟ್ರೇ ಮೇಲಿನ ಮುಚ್ಚಳ ತೆಗೆಯಿರಿ. ಸಣ್ಣ ಫ್ಯಾನನ್ನು ದೂರದಲ್ಲಿಟ್ಟು ಎಲೆ ಅಲುಗುವಷ್ಟು ಗಾಳಿ ಬಿಡಿ. ಇದರಿಂದ ಕಾಂಡವೂ ಗಟ್ಟಿಯಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬೆಳಗಾವಿಯ ಮನೆಗಳಲ್ಲಿ ಹೊದಿಕೆಯೇ ಒಣಗುವುದಿಲ್ಲ, ಇನ್ನು ಸ್ಪಾಂಜ್ ಎಲ್ಲಿ ಒಣಗಬೇಕು? ಅಲ್ಲಿ ಫ್ಯಾನ್ ಇಲ್ಲದೆ ಸಸಿ ಮಾಡಲು ಹೋಗಲೇಬೇಡಿ.

ಟ್ರೇಯನ್ನು ಒಂದು ಪಾಲು ಬಟ್ಟೆಯ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ ತೊಳೆದು, ಮತ್ತೆ ಬರೀ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ. ಸ್ಪಾಂಜಿನ ಬದಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬಳಸುವವರು ಹಳೆಯದನ್ನು ಮತ್ತೆ ಬಳಸಬೇಡಿ. ರೈತರು ಬಳಸುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರದ ಪುಡಿಯನ್ನು ಬಿತ್ತುವ ಮೊದಲೇ ಹೊಸ ಕೊಕೊಪೀಟ್‌ಗೆ ಸ್ವಲ್ಪ ಬೆರೆಸಬಹುದು. ರೋಗ ಬಂದ ಮೇಲೆ ಹಾಕಿದರೆ ಉಪಯೋಗ ಕಡಿಮೆ.

ಎಲ್ಲಕ್ಕೂ ಮೂಲ ನೀರು

ನಮ್ಮ ಕಡೆ ಹೆಚ್ಚು ಸಸಿ ಹಾಳಾಗುವುದು ಇಲ್ಲಿ. ಬೋರ್ ನೀರು ಬಳಸುವ ಮನೆಯಲ್ಲಿ ಗೀಸರ್ ಒಳಗೆ, ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ? ಆ ಸುಣ್ಣವೇ ಸಸಿಯ ಬೇರಿಗೂ ಹೋಗುತ್ತದೆ. ಮೊದಲು ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ಹೇಳುವ ಒಂದು ಟಿಡಿಎಸ್ ಮೀಟರ್ ಮತ್ತು ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅಂತ ನೋಡುವ ಹನಿ ಕಿಟ್ ತನ್ನಿ. ಗೊಬ್ಬರ ಹಾಕುವ ಮುಂಚೆ ಬರೀ ನೀರನ್ನು ಅಳೆಯಿರಿ.

ಟಿಡಿಎಸ್ 200ರ ಒಳಗಿದ್ದರೆ ನಿಶ್ಚಿಂತೆ. 300ರ ತನಕ ನಡೆಯುತ್ತದೆ. ಬರೀ ನೀರೇ 700, 800 ತೋರಿಸಿದರೆ, ಎಳೆ ಸಸಿಗೆ ಬೇಕಾದ್ದಕ್ಕಿಂತ ಹೆಚ್ಚು ಉಪ್ಪು ಗೊಬ್ಬರ ಹಾಕುವ ಮೊದಲೇ ಅದರಲ್ಲಿದೆ ಎಂದಾಯಿತು. ಆಗ ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಾಣುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಇದನ್ನು ಹಸಿವು ಅಂದುಕೊಂಡು ಮತ್ತಷ್ಟು ಗೊಬ್ಬರ ಹಾಕುವುದೇ ಸಸಿಗೆ ಕೊನೆಯ ಪೆಟ್ಟು.

ಪರಿಹಾರ ಬೆರಕೆ. 800ರ ಬೋರ್ ನೀರು ಒಂದು ಲೀಟರ್, 50ರ ಆರ್‌ಒ ನೀರು ಮೂರು ಲೀಟರ್ ಸೇರಿಸಿದರೆ ಸುಮಾರು 240ಕ್ಕೆ ಬರುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಮುಟ್ಟಬೇಡಿ, ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಬಾತ್‌ರೂಮಿಗೆ ಹಾಕಿಸಿದ ಸಾಫ್ಟ್‌ನರ್ ನೀರೂ ಬೇಡ. ಅದು ಸುಣ್ಣ ತೆಗೆದು ಅದರ ಜಾಗದಲ್ಲಿ ಸೋಡಿಯಂ ಕೊಡುತ್ತದೆ. ಸೋಪು ನೊರೆ ಬರುವುದಕ್ಕೆ ಅದು ಒಳ್ಳೆಯದು, ಸಸಿಗಲ್ಲ. ಮುಂಗಾರಿನಲ್ಲಿ ಮೊದಲ ಮಳೆ ಹೋಗಲು ಬಿಟ್ಟು, ಆಮೇಲಿನ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ನಗರದ ನಲ್ಲಿ ನೀರಾದರೆ ಕ್ಲೋರಿನ್ ವಾಸನೆ ಹೋಗಲು ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ.

ಇನ್ನು ಪಿಎಚ್. ಸಸಿಗೆ 5.5ರಿಂದ 6.5 ಬೇಕು. ಗಡಸು ನೀರನ್ನು ಇವತ್ತು 6ಕ್ಕೆ ತಂದರೂ ನಾಳೆ ಬೆಳಿಗ್ಗೆ 7.5ಕ್ಕೆ ಏರಿರುತ್ತದೆ. ನೀರಿನೊಳಗಿನ ಬೈಕಾರ್ಬೊನೇಟ್ ಆಮ್ಲವನ್ನೆಲ್ಲ ನುಂಗಿಬಿಡುತ್ತದೆ. ಪಿಎಚ್ ಏರಿದರೆ ನೀರಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಹೊಸ ಎಲೆ ಹಳದಿ, ಅದರ ನರ ಮಾತ್ರ ಹಸಿರು. ಸುಣ್ಣದ ಅಂಶ ಜಾಸ್ತಿ ಇರುವ ಹೊಲದಲ್ಲಿ ಕಬ್ಬಿನ ಎಳೆ ಎಲೆ ಬೆಳ್ಳಗಾಗುವುದನ್ನು ನೋಡಿದವರಿಗೆ ಇದು ಥಟ್ಟನೆ ಗೊತ್ತಾಗುತ್ತದೆ. ಕಾಯಿಲೆ ಒಂದೇ. ಅದೇ ಹಳದಿ ಬಣ್ಣ ಕೆಳಗಿನ ಹಳೆಯ ಎಲೆಯಿಂದ ಶುರುವಾದರೆ ಸಾರಜನಕದ ಕೊರತೆ, ಆಗ ಮಾತ್ರ ಗೊಬ್ಬರದ ಮಾತು.

ಪಿಎಚ್ ಇಳಿಸಲು ಅಂಗಡಿಯ ಪಿಎಚ್ ಡೌನ್ ದ್ರಾವಣವನ್ನು ಹನಿ ಹನಿಯಾಗಿ ಹಾಕಿ, ಕಲಕಿ, ಮತ್ತೆ ಅಳೆಯಿರಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಕೈಗವಸು ಇರಲಿ, ಮಕ್ಕಳಿಗೆ ಸಿಗದಂತೆ ಇಡಿ. ನಿಂಬೆಹಣ್ಣು, ವಿನೆಗರ್ ಹಾಕಿದರೂ ಇಳಿಯುತ್ತದೆ. ಆದರೆ ಒಂದೆರಡು ದಿನದಲ್ಲಿ ಮತ್ತೆ ಏರುತ್ತದೆ, ನೀರಿನಲ್ಲಿ ಲೋಳೆಯೂ ಕಟ್ಟುತ್ತದೆ.

ಕೊಕೊಪೀಟ್ ಬಳಸುವವರು ಇಟ್ಟಿಗೆಯಂತೆ ಒತ್ತಿ ಮಾರುವ ಅದರ ಗಟ್ಟಿಯನ್ನು ನೆನೆಸಿ, ಒಳ್ಳೆಯ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆದು ಹಿಂಡಬೇಕು. ಹಿಂಡಿದ ನೀರಿನ ಟಿಡಿಎಸ್, ಹಾಕಿದ ನೀರಿನ ಹತ್ತಿರಕ್ಕೆ ಬರಲಿ. ತೊಳೆಯದ ಕೊಕೊಪೀಟ್‌ನಲ್ಲಿ ಉಪ್ಪು ಬಹಳ ಇರುತ್ತದೆ.

ಮನೆಯಲ್ಲೇ ಇದೆ ಅಂತ 19:19:19 ಹಾಕಬೇಡಿ

ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಶೇಕಡಾ 19ರಂತೆ ಇರುವ, ನೀರಿನಲ್ಲಿ ಕರಗುವ ಗೊಬ್ಬರ ಇದು. ದ್ರಾಕ್ಷಿ ತೋಟದವರ ಮನೆಯಲ್ಲಿ ಈ ಚೀಲ ಇದ್ದೇ ಇರುತ್ತದೆ. ತೋಟಕ್ಕೆ ಅದು ಸರಿ. ಸಸಿಯ ಬೇರು ಇಳಿಯುವ ಡಬ್ಬಿಯ ನೀರಿಗೆ ಸರಿಯಲ್ಲ. ಅದರ ಸಾರಜನಕದಲ್ಲಿ ಹೆಚ್ಚಿನ ಪಾಲು ಯೂರಿಯಾ ರೂಪದ್ದು. ಮಣ್ಣಿನಲ್ಲಾದರೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಕೊಡುತ್ತವೆ. ಬರೀ ನೀರಿನಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಇನ್ನೂ ಒಂದು ಮೋಸ ಇದೆ. ಯೂರಿಯಾ ಕರೆಂಟು ಹರಿಸುವುದಿಲ್ಲ, ಹಾಗಾಗಿ ಟಿಡಿಎಸ್ ಮೀಟರಿಗೆ ಅದು ಕಾಣುವುದೇ ಇಲ್ಲ. ಮೀಟರ್ ಕಡಿಮೆ ತೋರಿಸುತ್ತದೆ, ನೀವು ಮತ್ತೊಂದು ಚಮಚ ಹಾಕುತ್ತೀರಿ.

ಹೈಡ್ರೋಪೋನಿಕ್ಸಿಗೆಂದೇ ಎ ಮತ್ತು ಬಿ ಎಂದು ಎರಡು ಬಾಟಲಿಯಲ್ಲಿ ಬರುವ ಗೊಬ್ಬರ ತನ್ನಿ. ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಒಂದರಲ್ಲಿರುವ ಕ್ಯಾಲ್ಸಿಯಂ, ಇನ್ನೊಂದರ ಸಲ್ಫೇಟ್ ಮತ್ತು ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಎ ಹಾಕಿ ನೀರು ಚೆನ್ನಾಗಿ ಕಲಕಿ, ಆಮೇಲೆ ಬಿ. ನಿಜವಾದ ಎಲೆ ಬಂದ ಮೇಲೆ ಒಟ್ಟು ಟಿಡಿಎಸ್ 350ರಿಂದ 450 ಇರಲಿ. ಒಂದು ವಾರ ಬಿಟ್ಟು 600ಕ್ಕೆ ಹೋಗಿ. ಬಾಟಲಿಯ ಮೇಲಿನ ಅಳತೆ ಬೆಳೆದ ಗಿಡದ್ದು, ಸಸಿಗೆ ಅದರ ಕಾಲುಭಾಗದಿಂದ ಶುರು ಮಾಡಿ.

ನೀರು ಬಿಸಿಯಾದರೆ

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದ್ದರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಅದೇ ಹೊತ್ತಿಗೆ ಬೇರು ಕೊಳೆಸುವ ರೋಗಾಣುಗಳಿಗೆ ಹಬ್ಬ. ಮಧ್ಯಾಹ್ನ ನೀರಿದ್ದರೂ ಎಲೆ ಬಾಡಿ ಕೂತರೆ ನೀರಿಗೆ ಕೈ ಇಟ್ಟು ನೋಡಿ. 18ರಿಂದ 24 ಡಿಗ್ರಿ ಒಳ್ಳೆಯದು, 28 ದಾಟಿದರೆ ಏನಾದರೂ ಮಾಡಲೇಬೇಕು. ಡಬ್ಬಿಗೆ ಒದ್ದೆ ಗೋಣಿ ಚೀಲ ಸುತ್ತಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮಂಜುಗಡ್ಡೆ ಕಟ್ಟಿದ ನೀರಿನ ಬಾಟಲಿಯೊಂದನ್ನು, ಮುಚ್ಚಳ ಬಿಗಿದು, ಒಳಗೆ ಬಿಡಿ. ಮೀನಿನ ತೊಟ್ಟಿಯ ಸಣ್ಣ ಗಾಳಿ ಪಂಪ್ ಇದ್ದರೆ ಇನ್ನೂ ಚೆನ್ನ. ಲೈಟನ್ನು ಹಗಲು ಆರಿಸಿ ರಾತ್ರಿ ಉರಿಸಿದರೂ ಸೆಕೆ ಸ್ವಲ್ಪ ಕಡಿಮೆಯಾಗುತ್ತದೆ. ಸಸಿಗೆ ಹಗಲು ಯಾವುದು ಅಂತ ಹೇಳುವವರು ನೀವೇ ಅಲ್ವಾ?

ಕರೆಂಟು ಹೋಗುವ ಊರಲ್ಲಿ ಪೈಪಿನಲ್ಲಿ ನೀರು ಹರಿಸುವ ವ್ಯವಸ್ಥೆಯಿಂದ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಪಂಪ್ ನಿಂತರೆ ಬೇಸಿಗೆಯಲ್ಲಿ ಎಳೆ ಬೇರು ಬೇಗ ಒಣಗುತ್ತದೆ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅವರ ಹೆಸರಿನಲ್ಲಿ ಕರೆಯುವ ಪದ್ಧತಿಗೆ ಕರೆಂಟೇ ಬೇಡ. ನೀರು ತುಂಬಿದ ಡಬ್ಬಿ, ಮೇಲೆ ನೆಟ್ ಪಾಟ್, ಅಷ್ಟೇ.

ಪಾಚಿ, ನೊಣ, ಅಂಟಿದ ಸಿಪ್ಪೆ

ಡಬ್ಬಿಯ ಗೋಡೆಯಲ್ಲಿ ಹಸಿರು ಕಟ್ಟಿದರೆ ಬೆಳಕು ಒಳಗೆ ಹೋಗುತ್ತಿದೆ. ಕಪ್ಪು ಬಣ್ಣ ಬಳಿಯಿರಿ, ಅದರ ಮೇಲೆ ಬಿಳಿ. ಬರೀ ಕಪ್ಪು ಇದ್ದರೆ ನೀರು ಕಾಯುತ್ತದೆ. ಸ್ಪಾಂಜ್ ಮೇಲೆ ಸಣ್ಣ ಕಪ್ಪು ನೊಣ ಹಾರಾಡಿದರೆ ಮೇಲಿನ ಪದರ ಒಣಗಲು ಬಿಡಿ, ಹಳದಿ ಅಂಟು ಕಾಗದ ತೂಗುಹಾಕಿ. ಬೀಜದ ಸಿಪ್ಪೆ ಎಲೆಯ ತುದಿಗೆ ಟೋಪಿಯಂತೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಒಂದು ಹನಿ ನೀರು ಬಿಟ್ಟು ಅರ್ಧ ತಾಸು ನೋಡಿ, ತಾನೇ ಸಡಿಲವಾಗುತ್ತದೆ.

ಡಬ್ಬಿಗೆ ಸೇರಿಸುವ ದಿನ

ಎರಡು ಮೂರು ನಿಜವಾದ ಎಲೆ ಬಂದು, ಸ್ಪಾಂಜ್ ಕೆಳಗೆ ಬಿಳಿ ಬೇರು ಇಣುಕಿದಾಗ ಸಸಿಯನ್ನು ನೆಟ್ ಪಾಟಿಗೆ ಇಳಿಸಿ. ಸಂಜೆ ಮಾಡಿ. ಸ್ಪಾಂಜಿನಿಂದ ಬಿಡಿಸಲು ಹೋಗಬೇಡಿ, ಹಾಗೇ ಇಡಿ. ಮೊದಲ ದಿನಗಳಲ್ಲಿ ನೀರು ಸ್ಪಾಂಜಿನ ತಳಕ್ಕೆ ತಾಗುವಷ್ಟಿರಲಿ. ಬೇರು ಕೆಳಗಿಳಿದಂತೆ ನೀರು ತಾನೇ ಇಳಿಯುತ್ತದೆ, ನಡುವೆ ಗಾಳಿ ಆಡುವ ಜಾಗ ಉಳಿಯುತ್ತದೆ. ಆ ಜಾಗದ ಬೇರು ಉಸಿರಾಡುವುದು ಗಾಳಿಯಲ್ಲಿ. ಅದಕ್ಕೇ ಆಮೇಲೆ ನೀರು ಕಡಿಮೆಯಾಯಿತೆಂದು ಡಬ್ಬಿಯನ್ನು ಬಾಯಿ ತನಕ ತುಂಬಬೇಡಿ. ಅರ್ಧದ ಆಸುಪಾಸಿಗೆ ನಿಲ್ಲಿಸಿ.