ಮೊದಲು ಬರೆದಿಡಿ, ಆಮೇಲೆ ನಗಿ: ಬೇಸರವನ್ನು ನಗುವಿನಿಂದ ಇಳಿಸಿಕೊಳ್ಳುವುದು ಹೇಗೆ?

ಗೆಳತಿಯೊಬ್ಬಳು ಕೆಲಸದ ಸಂದರ್ಶನದಲ್ಲಿ ಸೋತು ಬಂದಿದ್ದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಫೋನ್ ಎತ್ತಲಿಲ್ಲ. ಮೂರನೇ ದಿನ ಅವಳೇ ಫೋನ್ ಮಾಡಿ ಕುರ್ಚಿಯ ಕಥೆ ಶುರು ಮಾಡಿದಳು. ಅವಳಿಗೆ ಕೊಟ್ಟ ಕುರ್ಚಿ ಸ್ವಲ್ಪ ಅಲುಗಿದರೂ ‘ಕಿರ್ರ್’ ಅನ್ನುತ್ತಿತ್ತಂತೆ. ‘ನಾನು ಉತ್ತರ ಹೇಳೋದು, ಕುರ್ಚಿ ಅದು ತಪ್ಪು ಅನ್ನೋದು. ಎದುರಿಗೆ ಮೂವರು, ಕೆಳಗೆ ಒಬ್ಬರು. ಒಟ್ಟು ನಾಲ್ಕು ಜನ ಸಂದರ್ಶನ ಮಾಡಿದ್ರು ಕಣೇ’ ಅಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಫೋನ್ ಇಡುವ ಹೊತ್ತಿಗೆ ಅವಳ ದನಿ ಹಗುರಾಗಿತ್ತು.

ಆಮೇಲೆ ಆರು ತಿಂಗಳು ಸಿಕ್ಕವರಿಗೆಲ್ಲ ಅದೇ ಕಥೆ. ಹೇಳಿದ ಹಾಗೆಲ್ಲ ಕುರ್ಚಿಯ ಸದ್ದು ಜೋರಾಗುತ್ತಾ ಹೋಯಿತು. ಅಷ್ಟರಲ್ಲಿ ಇನ್ನೊಂದು ಸಂದರ್ಶನಕ್ಕೆ ಕರೆ ಬಂತು. ತಯಾರಿಗೆ ಕೂತಾಗ, ‘ಹೋದ ಸಲ ಯಾವ ಪ್ರಶ್ನೆಗೆ ತಡವರಿಸಿದ್ದೆ?’ ಅಂತ ಕೇಳಿದೆ. ಅವಳಿಗೆ ನೆನಪಾಗಲಿಲ್ಲ. ಕುರ್ಚಿಯ ಬಣ್ಣ ನೆನಪಿತ್ತು, ಪ್ರಶ್ನೆ ಮರೆತೇ ಹೋಗಿತ್ತು.

ನಗು ಬೇಸರವನ್ನು ಇಳಿಸುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನೆನಪಿನ ಮೇಲೂ ಅದು ಕೈಯಾಡಿಸುತ್ತದೆ. ಇದನ್ನು ತಿಳಿದುಕೊಂಡು ನಕ್ಕರೆ ಮನಸ್ಸು ಹಗುರಾಗುತ್ತದೆ, ಕಲಿಯಬೇಕಾದ್ದೂ ಕೈತಪ್ಪುವುದಿಲ್ಲ.

ಒಳಗೇ ನುಂಗಬೇಡಿ

ಅವಮಾನವಾದಾಗ ಹೆಚ್ಚಿನವರು ಮುಖ ಗಟ್ಟಿ ಮಾಡಿಕೊಂಡು, ಏನೂ ಆಗಿಲ್ಲ ಅನ್ನುವ ಹಾಗೆ ಕೂತುಬಿಡುತ್ತಾರೆ. ಇದರ ಬೆಲೆ ಏನು ಅಂತ ಮನಶ್ಶಾಸ್ತ್ರಜ್ಞರಾದ ಜೇನ್ ರಿಚರ್ಡ್ಸ್ ಮತ್ತು ಜೇಮ್ಸ್ ಗ್ರಾಸ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಭಾವನೆ ಹೊರಗೆ ಕಾಣದಂತೆ ತಡೆಹಿಡಿದವರಿಗೆ ಆ ಹೊತ್ತಿನ ವಿವರಗಳು ಕಡಿಮೆ ನೆನಪುಳಿದವು. ಮುಖ ಕಾಯುವುದೂ ಒಂದು ಕೆಲಸವೇ ಅಲ್ವಾ? ಗಮನದ ಒಂದು ಪಾಲು ಅದಕ್ಕೇ ಹೋಗುತ್ತದೆ. ನಡೆಯುತ್ತಿರುವುದನ್ನು ಬೇರೆ ಕಣ್ಣಿನಿಂದ ನೋಡಿದವರಿಗೆ ಈ ನಷ್ಟ ಆಗಲಿಲ್ಲ. ಹಾಸ್ಯವೂ ಹಾಗೆ ಬೇರೆ ಕಣ್ಣಿನಿಂದ ನೋಡುವ ಒಂದು ಬಗೆ.

ಅದೇ ದಿನ ಹತ್ತು ಸಾಲು ಬರೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಜನ ಬಿಟ್ಟುಬಿಡುವುದೂ ಇದನ್ನೇ. ನಗುವ ಮೊದಲು, ಯಾರಿಗೂ ಕಥೆ ಹೇಳುವ ಮೊದಲು, ನಡೆದದ್ದನ್ನು ನಡೆದ ಹಾಗೇ ಬರೆದಿಡಿ. ಯಾರು ಏನು ಕೇಳಿದರು, ನೀವು ಏನು ಹೇಳಿದಿರಿ, ಎಲ್ಲಿ ತಪ್ಪಿತು. ‘ಭಯಂಕರ’, ‘ಮಾನ ಹೋಯಿತು’ ಅನ್ನುವಂಥ ಮಾತು ಬೇಡ. ‘ಮೂರನೇ ಪ್ರಶ್ನೆಗೆ ಒಂದು ನಿಮಿಷ ಸುಮ್ಮನಿದ್ದೆ’ ಅಂದರೆ ಸಾಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ತಮಾಷೆಯ ಭಾಗ ಪಕ್ಕದಲ್ಲಿರುವ ಸಪ್ಪೆ ಭಾಗವನ್ನು ಹಿಂದಕ್ಕೆ ತಳ್ಳುತ್ತದೆ. ಮನಶ್ಶಾಸ್ತ್ರಜ್ಞ ಸ್ಟೀಫನ್ ಶ್ಮಿಟ್ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ತಮಾಷೆಯ ವಾಕ್ಯ, ಸಾದಾ ವಾಕ್ಯಗಳನ್ನು ಬೆರೆಸಿ ಕೊಟ್ಟರು. ತಮಾಷೆಯವು ಚೆನ್ನಾಗಿ ನೆನಪುಳಿದವು, ಸಾದಾ ವಾಕ್ಯಗಳಿಗೆ ಅದರಿಂದ ಪೆಟ್ಟು ಬಿತ್ತು. ನನ್ನ ಗೆಳತಿಯ ಕುರ್ಚಿ ಮತ್ತು ಪ್ರಶ್ನೆಯ ಕಥೆಯೂ ಇದೇ ಅಂತ ನನಗನ್ನಿಸುತ್ತದೆ. ಜೊತೆಗೆ, ನೆನಪು ಕಪಾಟಿನಲ್ಲಿಟ್ಟ ಫೋಟೋ ಹಾಗೆ ಇದ್ದಂತೇ ಇರುವುದಿಲ್ಲ. ಪ್ರತಿ ಸಲ ಹೊರಗೆ ತೆಗೆದು ಹೇಳಿದಾಗ ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುತ್ತದೆ. ಕೇಳುವವರು ಎಲ್ಲಿ ನಕ್ಕರೋ ಆ ಜಾಗ ಬೆಳೆಯುತ್ತದೆ, ಉಳಿದದ್ದು ಸೊರಗುತ್ತದೆ.

ಮುಂದೆ ದೂರು ಕೊಡಬೇಕಾಗಬಹುದಾದ ವಿಷಯವಾದರೆ ದಿನಾಂಕ, ಸಮಯದ ಸಮೇತ ಬರೆದಿಡಿ. ಅಲ್ಲಿಯವರೆಗೆ ತಮಾಷೆ ಬೇಡವೇ ಬೇಡ.

ಸ್ವಲ್ಪ ಕಾಯಿರಿ

2012ರಲ್ಲಿ ಅಮೆರಿಕಕ್ಕೆ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ಹಾಸ್ಯದ ಬಗ್ಗೆ ಸಂಶೋಧನೆ ಮಾಡುವ ಪೀಟರ್ ಮೆಗ್ರಾ ಮತ್ತು ಜೊತೆಗಾರರು ಆ ಕುರಿತ ಜೋಕುಗಳನ್ನು ಬೇರೆ ಬೇರೆ ದಿನ ಜನರಿಗೆ ತೋರಿಸಿ, ಎಷ್ಟು ನಗು ಬಂತು ಅಂತ ಕೇಳಿದರು. ಅನಾಹುತದ ಬೆನ್ನಿಗೇ ನಗು ಕುಸಿಯಿತು. 36ನೇ ದಿನದ ಹೊತ್ತಿಗೆ ಅತಿ ಹೆಚ್ಚಾಯಿತು, ಆಮೇಲೆ ಮತ್ತೆ ಇಳಿಯಿತು. ಈ ಲೆಕ್ಕ ನಿಮ್ಮ ದುಃಖಕ್ಕೆ ಹೊಂದಬೇಕಿಲ್ಲ. ಸಣ್ಣ ಮುಜುಗರಕ್ಕೆ ಒಂದು ಸಂಜೆ ಸಾಕು. ಮನೆಯಲ್ಲಿ ಸಾವಾದರೆ ವರ್ಷವೂ ಸಾಲದು. ನೆನೆದ ತಕ್ಷಣ ಉಸಿರು ಬಿಗಿಯಾಗುತ್ತಿದ್ದರೆ ಇನ್ನೂ ಹೊತ್ತು ಬಂದಿಲ್ಲ ಅಂತಲೇ ಅರ್ಥ.

ಸೊಟ್ಟಗಿರುವ ಜಾಗ ಹುಡುಕಿ

ಬರೆದ ಹತ್ತು ಸಾಲನ್ನು ಮತ್ತೆ ಓದಿ. ಹೀಗಿರಬೇಕಿತ್ತು, ಹಾಗಾಯಿತು ಅನ್ನುವ ಜಾಗ ಎಲ್ಲಿದೆ? ಅಲ್ಲೇ ನಗು ಇರುತ್ತದೆ. ಕೋಣೆಯ ಮೂಲೆಯಲ್ಲಿ ನಿಂತಿರುವ ಯಾರೋ ಒಬ್ಬರು ಇದನ್ನೆಲ್ಲ ನೋಡುತ್ತಿದ್ದಾರೆ ಅಂದುಕೊಳ್ಳಿ. ‘ನಾನು’ ಅನ್ನುವ ಕಡೆ ನಿಮ್ಮ ಹೆಸರು ಹಾಕಿ ಹೇಳಿ ನೋಡಿ. ದೂರ ಸಿಕ್ಕಿದಾಗ ಬಿಗಿ ಸಡಿಲವಾಗುತ್ತದೆ.

ಇನ್ನೊಂದು ಉಪಾಯ, ವಿಷಯವನ್ನು ಮುಂದಿನ ದಿನಗಳಿಗೆ ಎಳೆದುಕೊಂಡು ಹೋಗುವುದು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿಗಳ ಶಿಬಿರದಲ್ಲಿ ಕೈದಿಯಾಗಿದ್ದಾಗ ಪಕ್ಕದಲ್ಲಿ ದುಡಿಯುತ್ತಿದ್ದ ಗೆಳೆಯನ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಬಿಡುಗಡೆಯಾದ ಮೇಲೆ ನಡೆಯಬಹುದಾದ ಒಂದಾದರೂ ತಮಾಷೆಯ ಪ್ರಸಂಗವನ್ನು ದಿನಾ ಕಟ್ಟಿ ಹೇಳಬೇಕು. ಗೆಳೆಯ ಶಸ್ತ್ರವೈದ್ಯ. ಶಿಬಿರದಲ್ಲಿ ದೊಡ್ಡವರು ತಪಾಸಣೆಗೆ ಬಂದಾಗ ಮೇಸ್ತ್ರಿ ‘ಕೆಲಸ ನಡೀಲಿ, ನಡೀಲಿ!’ ಅಂತ ಕೂಗುತ್ತಿದ್ದ. ‘ಮುಂದೆ ನೀನು ದೊಡ್ಡ ಆಪರೇಷನ್ ಮಾಡ್ತಿರುವಾಗ ಆಳೊಬ್ಬ ನುಗ್ಗಿ ಬಂದು, ಹಿರಿಯ ಡಾಕ್ಟರ್ ಬಂದ್ರು ಅಂತ ತಿಳಿಸೋಕೆ ಹೀಗೇ ಕೂಗ್ತಾನೆ ನೋಡು’ ಅಂತ ಫ್ರಾಂಕ್ಲ್ ನಗಿಸಲು ನೋಡಿದರು. ಅಂಥ ಜಾಗದಲ್ಲೂ ಮನುಷ್ಯರು ಇದನ್ನು ಮಾಡಿದ್ದಾರೆ ಅನ್ನುವುದು ನನಗೆ ಇವತ್ತಿಗೂ ಮೈ ಜುಂ ಅನ್ನಿಸುತ್ತದೆ.

ಯಾರನ್ನು ನೋಡಿ ನಗುತ್ತಿದ್ದೀರಿ?

ಸಂದರ್ಭವನ್ನು ನೋಡಿ ನಗಿ, ಮನುಷ್ಯರನ್ನು ಚುಚ್ಚಬೇಡಿ. ಆಂಡ್ರಿಯಾ ಸ್ಯಾಮ್ಸನ್ ಮತ್ತು ಗ್ರಾಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸರ ಇಳಿಸಲು ಕುಹಕಕ್ಕಿಂತ ಒಳ್ಳೆ ಮನಸ್ಸಿನ ಹಾಸ್ಯವೇ ಹೆಚ್ಚು ಕೆಲಸ ಮಾಡಿತು. ನಿಮ್ಮನ್ನು ನೀವು ಹಳಿದುಕೊಳ್ಳುವುದೂ ಚುಚ್ಚುವುದೇ. ‘ಕುರ್ಚಿ ನನ್ನ ವಿರುದ್ಧ ಮತ ಹಾಕಿತು’ ಅನ್ನುವುದು ಬೇರೆ, ‘ನಾನು ಯಾವತ್ತೂ ದಡ್ಡಿ’ ಅನ್ನುವುದು ಬೇರೆ. ಅಳುತ್ತಿರುವ ಗೆಳತಿಗೆ ಈ ಮಾತು ಹೇಳುತ್ತಿದ್ದಿರಾ? ಇಲ್ಲ ಅಂದರೆ ನಿಮಗೂ ಹೇಳಿಕೊಳ್ಳಬೇಡಿ.

ಹೇಳಿ, ಆಮೇಲೆ ಚೀಟಿ ತೆಗೆದು ಓದಿ

ನಿಮ್ಮನ್ನು ಅರಿತ ಒಬ್ಬರಿಗೆ ಮೊದಲು ಹೇಳಿ. ನಾಲ್ಕೈದು ಸಲ ಹೇಳಿದ ಮೇಲೆ ಹಳೆಯ ಹತ್ತು ಸಾಲು ತೆಗೆದು ಓದಿ. ಆಗ ಅದು ಅಷ್ಟು ಕುಟುಕುವುದಿಲ್ಲ, ತಪ್ಪು ಎಲ್ಲಾಯಿತು ಅಂತ ನೋಡಬಹುದು.

ಮನೆಯಲ್ಲೋ ಕೆಲಸದಲ್ಲೋ ಯಾರಾದರೂ ದಿನಾ ನೋಯಿಸುತ್ತಿದ್ದರೆ ಅದನ್ನು ನಗೆಯಲ್ಲಿ ತೇಲಿಸಬೇಡಿ. ಸಹಿಸಿಕೊಳ್ಳಲು ಸುಲಭವಾಯಿತು ಅಂತ ಅದು ಮುಂದುವರಿಯುತ್ತಲೇ ಹೋಗುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ.

ಗೆಳತಿ ಈಗ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. ಎಡಪುಟದಲ್ಲಿ ನಡೆದದ್ದು, ಬಲಪುಟದಲ್ಲಿ ಕಥೆ. ಎರಡನೇ ಸಂದರ್ಶನ ಮುಗಿಸಿ ಬಂದ ಸಂಜೆ ಎಡಪುಟದಲ್ಲಿ ಏಳು ಪ್ರಶ್ನೆ ಬರೆದು, ಎರಡಕ್ಕೆ ಗೆರೆ ಎಳೆದಿದ್ದಳು. ಬಲಪುಟ ಖಾಲಿ ಇತ್ತು. ‘ಶನಿವಾರ ಬಾ, ಇಬ್ಬರೂ ಕೂತು ತುಂಬೋಣ’ ಅಂದಳು.